ದಿನಕ್ಕೆ 500 ಪೌಂಡ್ ಅಂದರೆ ಕೈಗೆ ಎಷ್ಟು? ಬ್ರಿಟನ್ನಿನಲ್ಲಿ ಸರ್ಕಾರಿ ಕಾಂಟ್ರಾಕ್ಟ್ ಹಿಡಿಯುವವರು ಹುಷಾರು

ಯುಕೆಯಲ್ಲಿ ಐಎಲ್‌ಆರ್ (ಕಾಯಂ ವಾಸದ ಅನುಮತಿ) ಸಿಕ್ಕಿದ ಮೇಲೆ ನಮ್ಮವರಲ್ಲಿ ಹಲವರಿಗೆ ಕಾಂಟ್ರಾಕ್ಟಿಂಗ್ ಆಸೆ ಹುಟ್ಟುತ್ತದೆ. ಸ್ವಂತ ಲಿಮಿಟೆಡ್ ಕಂಪನಿ, ದಿನದ ರೇಟು, ಕೈತುಂಬ ದುಡ್ಡು. ಇಲಾಖೆ, ಕೌನ್ಸಿಲ್, ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ) ಕೆಲಸಕ್ಕೆ ಕೈ ಹಾಕುವ ಮುಂಚೆ ನನಗಾದದ್ದನ್ನು ಓದಿ.

ಒಂದು ಸರ್ಕಾರಿ ಸಂಸ್ಥೆಯ ಹಳೇ ಡೇಟಾಬೇಸ್‌ಗಳನ್ನು ಕ್ಲೌಡ್‌ಗೆ ಸಾಗಿಸುವ ಕೆಲಸ. ಏಜೆಂಟ್ ಫೋನಿನಲ್ಲಿ ಹೇಳಿದ್ದು, "ದಿನಕ್ಕೆ 500 ಪೌಂಡ್, ಔಟ್‌ಸೈಡ್ ಐಆರ್35." ಅಂದರೆ ತೆರಿಗೆ ಲೆಕ್ಕದಲ್ಲಿ ನಾನು ಅವರ ನೌಕರನಲ್ಲ, ನನ್ನ ಕಂಪನಿಯ ಹೆಸರಿನಲ್ಲೇ ದುಡ್ಡು ಪಡೆಯಬಹುದು. ಹಾಗಂತ ಬರೆದಿರುವ ಸ್ಟೇಟಸ್ ಡಿಟರ್ಮಿನೇಶನ್ ಸ್ಟೇಟ್‌ಮೆಂಟ್ (ಕೆಲಸ ಕೊಡುವ ಸಂಸ್ಥೆ, ಅಂದರೆ ಕ್ಲೈಂಟ್, ಕೊಡುವ ಲಿಖಿತ ನಿರ್ಧಾರ) ಕೊಡಿ ಅಂದೆ. "ಕ್ಲೈಂಟ್ ಕಳಿಸ್ತಾರೆ" ಅಂದ. ಅದು ಬಂದಿದ್ದು ನಾನು ಕೆಲಸಕ್ಕೆ ಸೇರಿದ ಮೇಲೆ. ಇನ್‌ಸೈಡ್, ಅಂದರೆ ನೌಕರನ ಹಾಗೇ ತೆರಿಗೆ! ನನಗೊಬ್ಬನಿಗಲ್ಲ, ಪ್ರಾಜೆಕ್ಟಿನ ಎಲ್ಲ ಕಾಂಟ್ರಾಕ್ಟರ್‌ಗಳಿಗೂ ಅದೇ ಒಕ್ಕಣೆ. ನನ್ನ ಪ್ರತಿಯಲ್ಲಿ ಹುದ್ದೆ 'ಟೆಸ್ಟರ್' ಅಂತಿತ್ತು. ಆ ತಂಡದಲ್ಲಿ ನಾನು ಒಂದು ಟೆಸ್ಟನ್ನೂ ಬರೆದವನಲ್ಲ.

ಹೀಗೇಕೆ ಆಗುತ್ತದೆ? ಐಆರ್35 ನಿಯಮ 2000ದಿಂದಲೇ ಇದೆ. ಹೆಸರಿಗೆ ಕಂಪನಿ, ಕೆಲಸದಲ್ಲಿ ನೌಕರ ಅನ್ನುವಂತಿದ್ದರೆ ನೌಕರನ ಹಾಗೇ ತೆರಿಗೆ ಕಟ್ಟಬೇಕು. ನಿಮ್ಮ ಕೆಲಸದ ಮೇಲೆ ಯಾರ ಹಿಡಿತ, ಬದಲಿ ಆಳನ್ನು ಕಳಿಸಬಹುದಾ, ಕೆಲಸ ಕೊಡಲೇಬೇಕು ಮಾಡಲೇಬೇಕು ಅನ್ನುವ ಕಟ್ಟುಪಾಡು ಇದೆಯಾ, ಇವೇ ಮುಖ್ಯ ಪ್ರಶ್ನೆಗಳು. ಮೊದಲು ಇದನ್ನು ಕಾಂಟ್ರಾಕ್ಟರ್ ತಾನೇ ನಿರ್ಧರಿಸುತ್ತಿದ್ದ. 2017ರ ಏಪ್ರಿಲ್‌ನಿಂದ ಸರ್ಕಾರಿ ವಲಯದಲ್ಲಿ ಕ್ಲೈಂಟ್ ನಿರ್ಧರಿಸಬೇಕು. 2021ರಿಂದ ಖಾಸಗಿ ವಲಯದ ಮಧ್ಯಮ ಮತ್ತು ದೊಡ್ಡ ಕಂಪನಿಗಳಿಗೂ ಇದೇ ಕಾನೂನು. ತಪ್ಪಿದರೆ ತೆರಿಗೆ ಬಿಲ್ಲು ಅವರ ತಲೆಗೇ ಬರಬಹುದು. 2020-21ರಲ್ಲಿ ಕೇಂದ್ರ ಸರ್ಕಾರದ ಇಲಾಖೆಗಳೇ ಹೀಗೆ 263 ಮಿಲಿಯನ್ ಪೌಂಡ್ ಬಾಕಿ ಬಿದ್ದಿದ್ದವು ಎಂದು ಅಲ್ಲಿನ ನ್ಯಾಷನಲ್ ಆಡಿಟ್ ಆಫೀಸ್ ವರದಿ ಹೇಳಿತ್ತು. ಅಂಥ ಭಯ ಇದ್ದಾಗ ಎಲ್ಲರನ್ನೂ ಸಾರಾಸಗಟಾಗಿ ಇನ್‌ಸೈಡ್ ಅಂದುಬಿಡುವುದು ಸುಲಭ ಅಲ್ವಾ? ಭಯ ಅವರದು, ಜೇಬು ನಮ್ಮದು.

ನನ್ನನ್ನು ಅಂಬ್ರೆಲಾ ಕಂಪನಿಗೆ ತಳ್ಳಿದರು, ಅಂದರೆ ಕಾಂಟ್ರಾಕ್ಟರನ್ನು ತನ್ನ ನೌಕರನಾಗಿ ಇಟ್ಟುಕೊಂಡು ತೆರಿಗೆ ಹಿಡಿದು ಸಂಬಳ ಕೊಡುವ ಮಧ್ಯವರ್ತಿ ಕಂಪನಿಗೆ. ಮೊದಲ ವಾರದ ಪೇಸ್ಲಿಪ್ ನೋಡಿ: ಮೇಲೆ 2,500. ಅದರಲ್ಲಿ ಅಂಬ್ರೆಲಾ ಕಂಪನಿಯ ಮಾರ್ಜಿನ್ 25 ಹೋಯಿತು. ಆಮೇಲೆ ಎಂಪ್ಲಾಯರ್ಸ್ ನ್ಯಾಷನಲ್ ಇನ್ಶೂರೆನ್ಸ್ (ಮಾಲೀಕನ ಪಾಲಿನ ಸಾಮಾಜಿಕ ಭದ್ರತೆ ವಂತಿಗೆ) ಮತ್ತು ಅಪ್ರೆಂಟಿಸ್‌ಶಿಪ್ ಲೆವಿ (ತರಬೇತಿಗಾಗಿ ಮಾಲೀಕರ ಮೇಲಿನ ತೆರಿಗೆ) ಸೇರಿ ಸುಮಾರು 320. ಮಾಲೀಕ ಕಟ್ಟಬೇಕಾದ ಇನ್ಶೂರೆನ್ಸ್ ನನ್ನ ರೇಟಿನಿಂದಲೇ! 2025ರ ಏಪ್ರಿಲ್‌ನಿಂದ ಅದು 13.8% ಇದ್ದದ್ದು 15% ಆಗಿದೆ. ಉಳಿದದ್ದರ ಮೇಲೆ ನನ್ನ ಆದಾಯ ತೆರಿಗೆ, ನನ್ನ ಪಾಲಿನ ಇನ್ಶೂರೆನ್ಸ್. ಬ್ಯಾಂಕಿಗೆ ಬಂದಿದ್ದು 1,450ರ ಆಸುಪಾಸು. ರಜೆ ಸಂಬಳ ಅಂತ ಒಂದು ಸಾಲು ಇತ್ತು, ಅದೂ ನನ್ನದೇ ದುಡ್ಡಿನ ಇನ್ನೊಂದು ಹೆಸರು. ಮನೆಯಿಂದ ಆಫೀಸಿಗೆ ರೈಲಿನ ಖರ್ಚು ಬೇರೆ, ಅದಕ್ಕೆ ತೆರಿಗೆ ವಿನಾಯಿತಿ ಇಲ್ಲ. ತೆರಿಗೆಗೆ ನೌಕರ, ಆದರೆ ಸಂಸ್ಥೆಯ ಪಿಂಚಣಿಗೆ, ಬಡ್ತಿಗೆ ಹೊರಗಿನವನು.

ತಕರಾರು ಸಲ್ಲಿಸಿದೆ. ಕ್ಲೈಂಟ್ 45 ದಿನದೊಳಗೆ ಉತ್ತರಿಸಬೇಕು ಅನ್ನುತ್ತದೆ ಕಾನೂನು. ಗಡುವಿನ ಹೊತ್ತಿಗೆ ಎರಡು ಸಾಲು ಬಂತು: ಪರಿಶೀಲಿಸಿದ್ದೇವೆ, ನಿರ್ಧಾರ ಬದಲಾಗಿಲ್ಲ. 'ಟೆಸ್ಟರ್' ಕೂಡ ಹಾಗೇ ಉಳಿಯಿತು.

ಇದಕ್ಕಿಂತ ಅಪಾಯದ್ದು ಇನ್ನೊಂದಿದೆ. ಅದೇ ತಂಡದ ಗೆಳೆಯನಿಗೆ ಬೇರೊಂದು ಅಂಬ್ರೆಲಾ ಕಂಪನಿ "85% ಕೈಗೆ" ಅಂತ ಆಸೆ ತೋರಿಸಿತು. ಕಾಗದ ನೋಡಿದರೆ ಸ್ವಲ್ಪ ಸಂಬಳ, ಮಿಕ್ಕಿದ್ದು ತೆರಿಗೆ ತಪ್ಪಿಸಲು ಕೊಡುವ ಹೆಸರಿನ 'ಸಾಲ'. ಅಂಥ ಸ್ಕೀಮುಗಳ ತೆರಿಗೆಯನ್ನು ಅಲ್ಲಿನ ತೆರಿಗೆ ಇಲಾಖೆ ಎಚ್‌ಎಂಆರ್‌ಸಿ ವರ್ಷಗಳಾದ ಮೇಲೂ ಕೆಲಸಗಾರನಿಂದ ವಸೂಲಿ ಮಾಡಿದೆ. ಇಂಥ 'ಸಾಲ'ಗಳ ಮೇಲೆ ಹಾಕಿದ ಲೋನ್ ಚಾರ್ಜ್ ಎಂಬ ತೆರಿಗೆಯ ಗಲಾಟೆ ಇದೇ. ಗೆಳೆಯ ಸಹಿ ಹಾಕಲಿಲ್ಲ, ಪುಣ್ಯ. ಇಂಥ ಸ್ಕೀಮುಗಳ ಪಟ್ಟಿಯನ್ನು ಎಚ್‌ಎಂಆರ್‌ಸಿ ಪ್ರಕಟಿಸುತ್ತದೆ. ಆದರೆ ಪಟ್ಟಿಯಲ್ಲಿ ಹೆಸರಿಲ್ಲ ಅಂದಮಾತ್ರಕ್ಕೆ ಸಾಚಾ ಅಂತ ಅಲ್ಲ.

ಹಾಗಾಗಿ ಸ್ಟೇಟ್‌ಮೆಂಟ್ ಕೈಗೆ ಬರುವವರೆಗೂ ಇರುವ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ. ಅದರಲ್ಲಿ ನಿಮ್ಮ ಕೆಲಸದ ವಿವರ ಸರಿಯಿದೆಯಾ, ಕಾರಣ ಬರೆದಿದ್ದಾರಾ ನೋಡಿ. ಹೇಳಿದ ರೇಟು ಅಂಬ್ರೆಲಾ ಕಂಪನಿಗೆ ಹೋಗುವ ಅಸೈನ್‌ಮೆಂಟ್ ರೇಟಾ ಅಥವಾ ನಿಮ್ಮ ಗ್ರಾಸ್ ಸಂಬಳವಾ ಅಂತ ಇಮೇಲ್‌ನಲ್ಲೇ ಕೇಳಿ. ಫೋನಿನ ಮಾತಿಗೆ ಬೆಲೆ ಇಲ್ಲ. ಏಜೆನ್ಸಿ ಮೊದಲೇ ಕೀ ಇನ್‌ಫರ್ಮೇಶನ್ ಡಾಕ್ಯುಮೆಂಟ್ ಕೊಡಬೇಕು, ಯಾವ ಯಾವ ಕಡಿತ ಅಂತ ಅದರಲ್ಲಿರುತ್ತದೆ. ಇನ್‌ಸೈಡ್ ಅಂತಾದರೆ ರೇಟು ಜಾಸ್ತಿ ಕೇಳಿ. ನಾನು ಕೇಳಿದಾಗ ಬಜೆಟ್ ಇಲ್ಲ ಅಂದರು. ಅವಧಿ ಮುಗಿದ ಮೇಲೆ ನಾನು ಮುಂದುವರಿಸಲಿಲ್ಲ.