ಟೆಲಿ ಮಾನಸ್ 14416: ವೈದ್ಯಕೀಯ ಮತ್ತು ನರ್ಸಿಂಗ್ ವಿದ್ಯಾರ್ಥಿಗಳಿಗೆ ಎಷ್ಟು ಉಪಯುಕ್ತ?

ವೈದ್ಯಕೀಯ ಓದುತ್ತಿರುವವರಿಗೆ ಮನಸ್ಸು ಕುಸಿದಾಗ ನೆರವು ಸಿಗುವುದು ಸುಲಭವೆಂದು ಹೊರಗಿನವರು ಭಾವಿಸುತ್ತಾರೆ. ಮನೋವೈದ್ಯಕೀಯ ವಿಭಾಗ ಅದೇ ಆವರಣದಲ್ಲಿ ಇರುತ್ತದೆಯಲ್ಲವೇ? ಆದರೆ ಅಲ್ಲಿನ ಒಪಿಡಿಯಲ್ಲಿ ಕುಳಿತವರು ಮುಂದೆ ವೈವಾ (ಮೌಖಿಕ ಪರೀಕ್ಷೆ) ತೆಗೆದುಕೊಳ್ಳಬೇಕಾದ ಅಧ್ಯಾಪಕರೇ ಆಗಿರುತ್ತಾರೆ. ಸರದಿ ಕಾಯುವ ಬೆಂಚಿನ ಬಳಿ ಪೋಸ್ಟಿಂಗ್‌ಗೆ ಬಂದ ಸೀನಿಯರ್‌ಗಳು ಎದುರಾಗುತ್ತಾರೆ. ಇಂಟರ್ನಲ್ಸ್ (ಕಾಲೇಜೇ ನಡೆಸುವ ಆಂತರಿಕ ಪರೀಕ್ಷೆ) ಅಂಕ ಕೊಡುವವರ ಕಿವಿಗೆ ವಿಷಯ ಬೀಳಬಹುದೆಂಬ ಅಂಜಿಕೆಯೂ ಇರುತ್ತದೆ. ಹೀಗಾಗಿ ಚಿಕಿತ್ಸೆ ಕಲಿಯುವ ಜಾಗದಲ್ಲೇ ಚಿಕಿತ್ಸೆ ಕೇಳಲು ವಿದ್ಯಾರ್ಥಿಗಳು ಹಿಂಜರಿಯುತ್ತಾರೆ. ಕಾಲೇಜಿಗೆ ಸಂಬಂಧಪಡದ, ಕೇಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ಗೆ ಇವರ ಮಟ್ಟಿಗೆ ವಿಶೇಷ ಬೆಲೆ ಇರುವುದು ಈ ಕಾರಣದಿಂದಲೇ.

2022–23ರ ಕೇಂದ್ರ ಬಜೆಟ್‌ನಲ್ಲಿ ಘೋಷಣೆಯಾಗಿ, ಅದೇ ವರ್ಷದ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. 14416ಕ್ಕೆ ಅಥವಾ 1800-891-4416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಶುಲ್ಕವಿಲ್ಲ. ಭಾಷೆ ಆರಿಸಿಕೊಂಡ ಮೇಲೆ ಮೊದಲು ತರಬೇತಿ ಪಡೆದ ಆಪ್ತಸಮಾಲೋಚಕರು ಮಾತನಾಡುತ್ತಾರೆ; ಅಗತ್ಯ ಕಂಡರೆ ಮನೋವೈದ್ಯರಿಗೆ ಅಥವಾ ಹತ್ತಿರದ ಆಸ್ಪತ್ರೆಗೆ ದಾರಿ ಮಾಡಿಕೊಡುತ್ತಾರೆ.

ನನ್ನ ದೃಷ್ಟಿಯಲ್ಲಿ ಇದರ ಅತಿ ದೊಡ್ಡ ಗುಣ ಕನ್ನಡ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಊರಿಗೇ ಮೊದಲಿಗರಾಗಿ ಎಂಬಿಬಿಎಸ್‌ಗೋ ಬಿಎಸ್ಸಿ ನರ್ಸಿಂಗ್‌ಗೋ ಸೇರಿದ ಮಕ್ಕಳು ಮೊದಲ ವರ್ಷ ಪಡುವ ಪಾಡನ್ನು ಹತ್ತಿರದಿಂದ ನೋಡಿದವರೇ ಬಲ್ಲರು. ರಾತ್ರಿ ಎರಡು ಗಂಟೆಗೆ ಬ್ರೇಕಿಯಲ್ ಪ್ಲೆಕ್ಸಸ್‌ನ (ತೋಳಿನ ನರಗಳ ಜಾಲ) ಚಿತ್ರವನ್ನು ಐದನೆಯ ಸಲ ಬರೆಯುತ್ತ, ಯಾವ ಕೊಂಬೆ ಯಾವ ನರದ್ದೆಂದು ಮತ್ತೆ ಮರೆತು, ಪಕ್ಕದ ಮಂಚದವರು ಮುಗಿಸಿ ಮಲಗಿರುವುದನ್ನು ಕಂಡು ಕಂಗೆಡುವ ಹುಡುಗಿ ತನ್ನ ಸಂಕಟವನ್ನು ಇಂಗ್ಲಿಷಿನಲ್ಲಿ ಹೇಳಲಾರಳು. ‘ಎಷ್ಟು ಓದಿದ್ರೂ ತಲೆಗೆ ಹತ್ತುತ್ತಿಲ್ಲ, ಊಟ ಸೇರ್ತಿಲ್ಲ, ಅಪ್ಪನಿಗೆ ಹೇಗೆ ಮುಖ ತೋರಿಸ್ಲಿ’ ಎಂಬ ಮಾತು ಅವಳ ಬಾಯಿಂದ ತನ್ನ ನುಡಿಯಲ್ಲೇ ಬರಬೇಕು. ಕೇಳಿಸಿಕೊಳ್ಳುವವರಿಗೂ ಅದು ಹಾಗೆಯೇ ಅರ್ಥವಾಗಬೇಕು.

ಇಂಥವರು ಒಬ್ಬಿಬ್ಬರಲ್ಲ. ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ 2024ರಲ್ಲಿ ನೀಡಿದ ವರದಿಯ ಪ್ರಕಾರ, ಸಮೀಕ್ಷೆಗೆ ಉತ್ತರಿಸಿದ 25,590 ಪದವಿ ವಿದ್ಯಾರ್ಥಿಗಳಲ್ಲಿ ಶೇ 27.8ರಷ್ಟು ಮಂದಿ ತಮಗೆ ಮಾನಸಿಕ ಆರೋಗ್ಯದ ತೊಂದರೆ ಇದೆಯೆಂದು ತಿಳಿಸಿದ್ದರು. ಅಂಕ ಕಡಿಮೆಯಾದದ್ದಕ್ಕೆ ಮನಸ್ಸು ಕುಗ್ಗುತ್ತದೆ ಎಂಬುದು ಅರ್ಧ ಸತ್ಯ ಮಾತ್ರ. ಖಿನ್ನತೆ ಏಕಾಗ್ರತೆಯನ್ನು ಕೆಡಿಸುತ್ತದೆ. ಓದಿದ್ದು ನೆನಪಿನಲ್ಲಿ ಗಟ್ಟಿಯಾಗಲು ಬೇಕಾದ ನಿದ್ದೆಯನ್ನು ಆತಂಕ ಕಸಿಯುತ್ತದೆ. ಹೀಗೆ ಫೇಲಾದವರಿಗೆ ‘ಇನ್ನೂ ಹೆಚ್ಚು ಓದು’ ಎಂದಷ್ಟೇ ಹೇಳಿ ಕಳಿಸುವುದು, ಜ್ವರ ಬಂದವರನ್ನು ಓಡಲು ಹೇಳಿದಂತೆ. ನಿದ್ದೆ, ಊಟ, ದುಡುಕಿನ ಯೋಚನೆಗಳ ಬಗ್ಗೆ ವಿಚಾರಿಸಬಲ್ಲ ಒಬ್ಬರು ಸಪ್ಲಿಮೆಂಟರಿ ಪರೀಕ್ಷೆಗಿಂತ ಮೊದಲೇ ಆ ವಿದ್ಯಾರ್ಥಿಗೆ ಸಿಗಬೇಕು.

ಇನ್ನು ಮಿತಿಗಳ ಮಾತು. ಮೂವರು ನಾಲ್ವರು ಹಂಚಿಕೊಂಡ ಹಾಸ್ಟೆಲ್ ಕೋಣೆಯಲ್ಲಿ ಗುಟ್ಟಾಗಿ ಫೋನ್ ಮಾಡಲು ಜಾಗವೇ ಇರುವುದಿಲ್ಲ; ನೈಟ್ ಡ್ಯೂಟಿಯಲ್ಲಿರುವ ನರ್ಸಿಂಗ್ ವಿದ್ಯಾರ್ಥಿನಿಗೆ ವಾರ್ಡ್ ಬಿಟ್ಟು ಹೊರಬರುವುದೂ ಕಷ್ಟ. 2024ರ ಅಕ್ಟೋಬರ್‌ನಲ್ಲಿ ಬಂದ ಟೆಲಿ ಮಾನಸ್ ಆ್ಯಪ್ ಈ ಕೊರತೆಯನ್ನು ಸ್ವಲ್ಪ ಮಟ್ಟಿಗೆ ತುಂಬುತ್ತದೆ, ಏಕೆಂದರೆ ಸ್ವ-ಆರೈಕೆಯ ಮಾಹಿತಿಯನ್ನು ಮೌನವಾಗಿ ಓದಿಕೊಳ್ಳಬಹುದು. ವಿಡಿಯೊ ಸಮಾಲೋಚನೆಯನ್ನು ಮೊದಲು ಆರಂಭಿಸಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ಆದರೆ ಫೋನಿನ ಆಚೆ ಇರುವವರು ಹಾಜರಾತಿಯ ನಿಯಮ ಸಡಿಲಿಸಲಾರರು. ಎಂಬಿಬಿಎಸ್‌ನಲ್ಲಿ ಥಿಯರಿಗೆ ಶೇ 75, ಪ್ರಾಕ್ಟಿಕಲ್‌ಗೆ ಶೇ 80 ಹಾಜರಾತಿ ಬೇಕೆಂಬ ಕಟ್ಟಳೆಯ ನಡುವೆ ಚಿಕಿತ್ಸೆಗೆ ರಜೆ ಹೇಗೆ ಹೊಂದಿಸಬೇಕೆಂದು ಕಾಲೇಜೇ ಯೋಚಿಸಬೇಕು. ಸ್ನಾತಕೋತ್ತರ ವಿದ್ಯಾರ್ಥಿಗಳ ದುಡಿಮೆ ವಾರಕ್ಕೆ 74 ಗಂಟೆ ಮೀರಬಾರದು, ವಾರಕ್ಕೊಂದು ರಜೆ ಇರಬೇಕು ಎಂದು ಅದೇ ಕಾರ್ಯಪಡೆ ಶಿಫಾರಸು ಮಾಡಿದೆ. ಸಹಾಯವಾಣಿಯ ಸಂಖ್ಯೆಯನ್ನು ನೋಟಿಸ್ ಬೋರ್ಡಿಗೆ ಅಂಟಿಸಿ ಡ್ಯೂಟಿ ಪಟ್ಟಿಯನ್ನು ಮೊದಲಿನಂತೆಯೇ ಮುಂದುವರಿಸುವ ಸಂಸ್ಥೆ ತನ್ನ ಹೊಣೆಯನ್ನು ಬೇರೆಯವರ ತಲೆಗೆ ಹೊರಿಸಿದಂತಾಗುತ್ತದೆ. ಅದು ಈ ಸೇವೆಯ ದೋಷವಲ್ಲ.

ಹಾಗಾಗಿ ನಾನು ವಿದ್ಯಾರ್ಥಿಗಳಿಗೆ ಇದನ್ನು ಮನಃಪೂರ್ವಕವಾಗಿ ಶಿಫಾರಸು ಮಾಡುತ್ತೇನೆ, ಅದರಲ್ಲೂ ಮೊದಲ ಇಂಟರ್ನಲ್ಸ್ ಫಲಿತಾಂಶದ ಬಳಿಕ ನಿದ್ದೆ ಕಳೆದುಕೊಂಡವರಿಗೆ. ಟೆರೇಸ್, ಕಾರಿಡಾರ್, ಹತ್ತಿರದ ಪಾರ್ಕು, ಎಲ್ಲಿ ಏಕಾಂತ ಸಿಗುತ್ತದೋ ಅಲ್ಲಿಂದ, ಜೊತೆಗೆ ನಂಬಿಕೆಯ ಗೆಳೆಯರೊಬ್ಬರನ್ನು ಇಟ್ಟುಕೊಂಡು ಕರೆ ಮಾಡಿ. ಜೀವಕ್ಕೆ ಅಪಾಯವಾಗುವಂಥ ಯೋಚನೆ ತೀವ್ರವಾಗಿದ್ದರೆ ಒಬ್ಬರೇ ಇರಬೇಡಿ. ವಾರ್ಡನ್‌ರನ್ನು ಎಬ್ಬಿಸಿ, ಕ್ಯಾಶುವಾಲ್ಟಿಗೆ ಹೋಗಿ ಅಥವಾ 112ಕ್ಕೆ ಕರೆ ಮಾಡಿ.