ಬಿಸಿಲ ಸೈಕಲ್ ಸವಾರಿಗೆ ನೀರೇ, ಎಳನೀರೇ, ಮಜ್ಜಿಗೆಯೇ, ಓಆರ್‌ಎಸ್‌ ಆದೀತೇ?

ವಿಜಯಪುರದಿಂದ ಬಸವನ ಬಾಗೇವಾಡಿ ಕಡೆಗಿನ ರಸ್ತೆಯಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಈ ನಾಲ್ಕನ್ನೂ ಕುಡಿದು ನೋಡಿದ್ದೇನೆ. ಆ ಸೀಮೆಯ ಒಣ ಗಾಳಿಗೆ ಬೆವರು ಬಂದದ್ದೇ ಗೊತ್ತಾಗದಂತೆ ಆರಿಬಿಡುತ್ತದೆ. ಅಂಗಿಯ ಮೇಲೆ ಉಪ್ಪಿನ ಬಿಳಿ ಗೆರೆಗಳು ಮಾತ್ರ ಉಳಿಯುತ್ತವೆ. ಕುಡಿಯುವುದನ್ನು ಆರಿಸುವಾಗ ನಾನು ಮೊದಲು ನೆನೆಯುವುದು ಆ ಉಪ್ಪನ್ನು.

ಒಂದು ಗಂಟೆಯೊಳಗಿನ ಸವಾರಿಗೆ ಬರಿಯ ನೀರು ಸಾಕು. ಎರಡು ಮೂರು ಗಂಟೆ ತುಳಿಯುವಾಗ ಅದೊಂದನ್ನೇ ನೆಚ್ಚಿದರೆ ಹೊಟ್ಟೆ ಕುಲುಕುತ್ತದೆ, ಕಾಲಿನ ಸೋಲು ಇಳಿಯುವುದಿಲ್ಲ. ಇನ್ನೊಂದು ಅಪಾಯವೂ ಇದೆ: ಅಗತ್ಯ ಮೀರಿ ನೀರು ಕುಡಿದರೆ ರಕ್ತದಲ್ಲಿ ಉಪ್ಪಿನ ಅಂಶವಾದ ಸೋಡಿಯಂ ಕುಸಿಯುತ್ತದೆ. ತಲೆನೋವು, ವಾಕರಿಕೆ, ಗೊಂದಲ ಕಾಣಿಸಿಕೊಂಡಾಗ ನೀರಡಿಕೆಯೇ ಕಾರಣವೆಂದು ಇನ್ನಷ್ಟು ನೀರು ಕುಡಿಸಿದರೆ ಜೀವಕ್ಕೇ ಕುತ್ತು. ಅಂಥವರನ್ನು ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಎಳನೀರಿನಷ್ಟು ಹಿತವಾದದ್ದು ಇನ್ನೊಂದಿಲ್ಲ. ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಬೆವರಿನಲ್ಲಿ ಹೆಚ್ಚು ಹೋಗುವುದೋ ಸೋಡಿಯಂ. ದಾರಿಯಲ್ಲಿ ಸಿಕ್ಕರೆ ಕುಡಿಯುತ್ತೇನೆ, ಬಾಟಲಿಗೆ ತುಂಬಿಸಿಕೊಳ್ಳುವುದಿಲ್ಲ. ಬಿಸಿಲಿಗೆ ಬೇಗ ಕೆಡುತ್ತದೆ.

ಉಪ್ಪು, ಜೀರಿಗೆ ಹಾಕಿದ ಮಜ್ಜಿಗೆ ಮನೆ ಸೇರಿದ ಮೇಲೆ ಅಮೃತ. ತುಳಿಯುವಾಗ ನನಗೆ ಹುಳಿತೇಗು ತರಿಸುತ್ತದೆ.

ದೀರ್ಘ ಸವಾರಿಗೆ ನನ್ನ ಮತ ನೀರಿಗೆ ಕಲಸಿ ಕುಡಿಯುವ ಉಪ್ಪು-ಗ್ಲೂಕೋಸ್ ಪುಡಿಯಾದ ಓಆರ್‌ಎಸ್‌ಗೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್ ಇರುತ್ತದೆ, ಜೊತೆಗೆ ಪೊಟ್ಯಾಸಿಯಂ ಮತ್ತು ಸಿಟ್ರೇಟ್. ಗ್ಲೂಕೋಸ್ ಕೈಹಿಡಿದು ಸೋಡಿಯಂ ಕರುಳಿನಿಂದ ಒಳಸೇರುತ್ತದೆ, ಅದರ ಬೆನ್ನಿಗೆ ನೀರು. ರುಚಿ ಸಪ್ಪೆ, ಒಪ್ಪುತ್ತೇನೆ. ಒಂದು ಲೀಟರಿನ ಪೊಟ್ಟಣವನ್ನು 750 ಮಿಲಿಯ ಸೈಕಲ್ ಬಾಟಲಿಗೆ ಸುರಿಯಬೇಡಿ, ಹದ ಕೆಡುತ್ತದೆ. ಮನೆಯಲ್ಲೇ ಪೂರ್ತಿ ಲೀಟರಿಗೆ ಕಲಸಿ ತುಂಬಿಸಿಕೊಳ್ಳಿ. ಕೊಳ್ಳುವಾಗ ಲೇಬಲ್ ಓದಿ. ಈ ಸೂತ್ರಕ್ಕೆ ಹೊಂದದ ಸಿಹಿ ಪಾನೀಯಗಳು ಓಆರ್‌ಎಸ್ ಎಂಬ ಹೆಸರು ಹಾಕಿಕೊಳ್ಳುವುದನ್ನು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2025ರ ಅಕ್ಟೋಬರ್‌ನಲ್ಲಿ ನಿಷೇಧಿಸಿತು. ರಕ್ತದೊತ್ತಡ ಅಥವಾ ಮೂತ್ರಪಿಂಡದ ತೊಂದರೆ ಇರುವವರು ಓಆರ್‌ಎಸ್ ಇರಲಿ, ಎಳನೀರಿರಲಿ, ವೈದ್ಯರನ್ನು ಕೇಳಿಯೇ ಶುರುಮಾಡಬೇಕು.

ಈಗ ನನ್ನ ಸೈಕಲ್ಲಿನಲ್ಲಿ ಎರಡು ಬಾಟಲಿ: ಒಂದರಲ್ಲಿ ಓಆರ್‌ಎಸ್, ಇನ್ನೊಂದರಲ್ಲಿ ನೀರು. ಬಾಯಾರಿದಾಗೆಲ್ಲ ಎರಡರಿಂದಲೂ ಗುಟುಕು ಗುಟುಕಾಗಿ ಕುಡಿಯುತ್ತೇನೆ. ಎಷ್ಟು ಸಾಲುತ್ತದೆಂದು ತಿಳಿಯಲು ಹೊರಡುವ ಮೊದಲೂ ಬಂದ ಮೇಲೂ ತೂಕ ನೋಡುತ್ತೇನೆ. ಒಂದು ಕಿಲೋ ಇಳಿದಿದ್ದರೆ ಸುಮಾರು ಒಂದು ಲೀಟರ್ ಕಡಿಮೆಯಾಗಿದೆ ಎಂದರ್ಥ. ತೂಕ ಏರಿದ್ದರೆ ಕುಡಿದದ್ದು ಹೆಚ್ಚಾಯಿತು, ಮುಂದಿನ ಸವಾರಿಯಲ್ಲಿ ಕಡಿಮೆ ಮಾಡಬೇಕು.