ಜಿಮ್ ಸೇರುವ ಮುಂಚೆ ‘ನಾಳೆ ಹೇಳ್ತೀನಿ’ ಅಂದು ನೋಡಿ

ಜಿಮ್ ಹುಡುಕುವಾಗ ಜನ ಟ್ರೆಡ್‌ಮಿಲ್ ಎಷ್ಟಿದೆ, ಎಸಿ ಇದೆಯಾ, ಗಾಡಿ ನಿಲ್ಲಿಸೋಕೆ ಜಾಗ ಇದೆಯಾ ಅಂತ ನೋಡುತ್ತಾರೆ. ನಾನೂ ನೋಡಿದೆ. ಆದರೆ ಕೊನೆಗೆ ತೀರ್ಮಾನಕ್ಕೆ ಬಂದದ್ದು ಬೇರೆಯೇ ಲೆಕ್ಕದಲ್ಲಿ. ದರ ಕೇಳಿ, ಒಳಗೆಲ್ಲ ಸುತ್ತಾಡಿ, ‘ಸರಿ, ನಾಳೆ ಹೇಳ್ತೀನಿ’ ಅಂದಾಗ ಎದುರಿನವರು ಏನು ಮಾಡುತ್ತಾರೆ? ಈ ಒಂದು ಮಾತಿಗೆ ಒಂದೊಂದು ಕಡೆ ಒಂದೊಂದು ಥರದ ಉತ್ತರ ಬಂತು.

ಬೆನ್ನು ನೋವಿಗೆ ಮಾತ್ರೆ ನುಂಗಿದ್ದು ಸಾಕು, ಇನ್ನು ಸ್ನಾಯು ಗಟ್ಟಿ ಮಾಡ್ಕೊಳ್ಳಿ ಅಂತ ಡಾಕ್ಟರು ಹೇಳಿದ ಮೇಲೆ ನಮ್ಮ ಬಸವೇಶ್ವರನಗರದ ಸುತ್ತಮುತ್ತ ಜಿಮ್ ನೋಡೋಕೆ ಶುರು ಮಾಡಿದೆ. ಯಾವುದರ ಹೆಸರನ್ನೂ ಬರೆಯುತ್ತಿಲ್ಲ. ಒಂದೇ ಕಂಪನಿಯ ಎರಡು ಬ್ರಾಂಚಿನಲ್ಲಿ ಎರಡು ಥರ ಇರಬಹುದು, ಸುಮ್ನೆ ಯಾಕೆ.

ಮುಖ್ಯರಸ್ತೆಯ ಚೈನ್ ಜಿಮ್

ಇಲ್ಲಿ ಫೋನಿನಲ್ಲಿ ದರ ಹೇಳುವುದಿಲ್ಲ. ಎಷ್ಟು ಕೇಳಿದರೂ ‘ಒಂದ್ಸಲ ವಿಸಿಟ್ ಮಾಡಿ ಮೇಡಂ’. ಹೋದರೆ ಮೊದಲು ಫೋನ್ ನಂಬರ್, ಆಮೇಲೆ ಒಂದು ಫಾರಂ. ಅದರಲ್ಲಿ ಒಂದು ಪ್ರಶ್ನೆ: ನಿಮ್ಮ ಗುರಿ ಬಗ್ಗೆ 1ರಿಂದ 10ರಲ್ಲಿ ಎಷ್ಟು ಸೀರಿಯಸ್ ಆಗಿದ್ದೀರಿ? ನಾನು 8 ಅಂತ ಬರೆದೆ. ಯಾರಾದರೂ 3 ಅಂತ ಬರೀತಾರಾ? ಆ 8 ಯಾಕೆ ಅಂತ ಕೊನೆಯಲ್ಲಿ ಗೊತ್ತಾಯಿತು.

ಮುಂದಿನದು ‘ಫ್ರೀ’ ಬಾಡಿ ಟೆಸ್ಟ್. ಚಪ್ಪಲಿ ಬಿಟ್ಟು ಲೋಹದ ಪಟ್ಟಿಯ ಮೇಲೆ ನಿಲ್ಲಬೇಕು, ಎರಡೂ ಕೈಯಲ್ಲಿ ಹಿಡಿ ಹಿಡಿಯಬೇಕು. ನಿಮಿಷದೊಳಗೆ ಒಂದು ಚೀಟಿ ಬರುತ್ತದೆ. ನನ್ನ ಚೀಟಿಯಲ್ಲಿ ನನ್ನ ವಯಸ್ಸಿಗಿಂತ ಎಂಟು ವರ್ಷ ಹೆಚ್ಚಿನ ‘ಮೆಟಬಾಲಿಕ್ ಏಜ್’ ಇತ್ತು. ‘ವಿಸೆರಲ್ ಫ್ಯಾಟ್’ ಅಂದರೆ ಹೊಟ್ಟೆಯೊಳಗಿನ ಅಂಗಗಳ ಸುತ್ತ ಇರುವ ಕೊಬ್ಬು, ಅದು 11. ಹುಡುಗ ಕೆಂಪು ಪೆನ್ನಿನಲ್ಲಿ 11ಕ್ಕೆ ಸುತ್ತು ಹಾಕಿ ಒಂದು ಕ್ಷಣ ಮಾತಾಡದೆ ಕೂತ. ಆ ಮೌನವೂ ಟ್ರೈನಿಂಗ್‌ನಲ್ಲಿ ಕಲಿಸಿದ್ದೇ ಇರಬೇಕು.

ಈ ಮೆಷಿನ್ ಮಾಡುವುದು ಇಷ್ಟೆ. ಮೈಯಲ್ಲಿ ಸಣ್ಣ ಕರೆಂಟ್ ಹರಿಸಿ, ಅದಕ್ಕೆ ಎಷ್ಟು ಅಡ್ಡಿ ಬಂತು ಅನ್ನುವುದರ ಮೇಲೆ ಕೊಬ್ಬನ್ನು ಅಂದಾಜು ಮಾಡುತ್ತದೆ. ನೀರು ಕುಡಿದಿದ್ದೀರಾ, ಊಟ ಆಗಿದೆಯಾ, ಈಗಷ್ಟೇ ನಡೆದು ಬಂದಿರಾ, ಎಲ್ಲದಕ್ಕೂ ಅಂಕಿ ಬದಲಾಗುತ್ತದೆ. ವಿಸೆರಲ್ ಫ್ಯಾಟ್‌ನ ಅಳತೆಯಂತೂ ಕಂಪನಿಗೊಂದು. ಟಾನಿಟಾ ಕಂಪನಿಯ ಅಳತೆಯಲ್ಲಿ 12ರವರೆಗೆ ಆರೋಗ್ಯಕರ. ಓಮ್ರಾನ್ ಅಳತೆಯಲ್ಲಿ 10 ಬಂದರೇ ಜಾಸ್ತಿ. ಅಂದರೆ ನನ್ನ 11 ಒಂದು ಮೆಷಿನ್‌ನಲ್ಲಿ ಸರಿ, ಇನ್ನೊಂದರಲ್ಲಿ ಗಾಬರಿ. ‘ಇದು ಯಾವ ಕಂಪನಿ ಮೆಷಿನ್?’ ಅಂತ ಕೇಳಿದೆ. ‘ಇಂಪೋರ್ಟೆಡ್ ಮೇಡಂ’ ಅಂದ.

ಆಮೇಲೆ ರೇಟ್ ಶೀಟ್. ಆಷಾಢದ ಸೇಲ್‌ನಲ್ಲಿ ಸೀರೆಯ ಬೆಲೆ ಹೊಡೆದು ಹಾಕುವ ಹಾಗೆ, ವರ್ಷಕ್ಕೆ 36,000 ಅಂತ ಅಚ್ಚಾಗಿದ್ದದ್ದನ್ನು ಗೀಟು ಹಾಕಿ ಕೆಳಗೆ ಪೆನ್ನಿನಲ್ಲಿ 21,999 ಬರೆದ. ತಿಂಗಳ ದರ ಕೇಳಿದರೆ ಅದು ಬೇಕಂತಲೇ ದುಬಾರಿ, ವರ್ಷದ್ದೇ ಲಾಭ ಅಂತ ಕಾಣಲಿ ಅಂತ. ‘ಇವತ್ತಿನವರೆಗೆ ಮಾತ್ರ ಮೇಡಂ, ನಾಳೆ ಸಿಸ್ಟಮ್‌ನಲ್ಲಿ ರೇಟ್ ಬದಲಾಗತ್ತೆ.’

ನಾನು ನನ್ನ ಮಾತು ಹೇಳಿದೆ. ನಾಳೆ ಹೇಳ್ತೀನಿ.

‘ನಿಮ್ಮನ್ನ ತಡೀತಿರೋದು ಏನು ಮೇಡಂ? ಟೈಮಾ, ದುಡ್ಡಾ, ದೂರಾನಾ?’ ಈ ಪ್ರಶ್ನೆಗೆ ಉತ್ತರ ಕೊಡಬಾರದು. ದುಡ್ಡು ಅಂದರೆ ಇಎಂಐ ಇದೆ. ಟೈಮ್ ಅಂದರೆ ಬೆಳಿಗ್ಗೆ 5ರಿಂದಲೇ ತೆರೆದಿರುತ್ತೆ. ಮನೆಯಲ್ಲಿ ಕೇಳಬೇಕು ಅಂದೆ, ಪರೀಕ್ಷೆಗೆ. ‘ಯಾಕೆ ಮೇಡಂ, ನಿಮ್ಮ ಆರೋಗ್ಯಕ್ಕೂ ಸರ್‌ನ ಪರ್ಮಿಷನ್ ಬೇಕಾ?’ ಕೇಳೋಕೆ ಸ್ತ್ರೀ ಸ್ವಾತಂತ್ರ್ಯದ ಮಾತು, ಕೆಲಸ ಮಾತ್ರ ಕಾರ್ಡ್ ಹೊರಗೆ ತೆಗೆಸುವುದು. ಅಷ್ಟರಲ್ಲಿ ಮ್ಯಾನೇಜರ್ ಬಂದು ಪಕ್ಕದ ಕುರ್ಚಿಯಲ್ಲಿ ಕೂತರು. ಫಾರಂ ತಿರುಗಿಸಿ ನನ್ನ 8 ತೋರಿಸಿದರು. ‘ಸೀರಿಯಸ್ ಅಂತ ನೀವೇ ಬರೆದಿದ್ದೀರಲ್ಲ.’

ಕೊನೆಯ ಅಸ್ತ್ರ ಟೋಕನ್. ಬರೀ 1,000 ಕೊಡಿ, ರೇಟ್ ಲಾಕ್ ಮಾಡ್ತೀವಿ, ಬೇಡ ಅಂದ್ರೆ ವಾಪಸ್. ‘ವಾಪಸ್ ಕೊಡ್ತೀವಿ ಅಂತ ರಸೀದಿಯಲ್ಲಿ ಬರೆದುಕೊಡಿ’ ಅಂದೆ. ಹುಡುಗ ಮ್ಯಾನೇಜರ್ ಮುಖ ನೋಡಿದ. ಮ್ಯಾನೇಜರ್ ಕಂಪ್ಯೂಟರ್ ನೋಡಿದರು. ಸಿಸ್ಟಮ್‌ನಲ್ಲಿ ಆ ಆಪ್ಷನ್ ಇಲ್ಲವಂತೆ.

ಈ ಕಡೆ ಕೆಲಸ ಮಾಡಿದ್ದು ಒಂದೇ ಮಾತು: ‘ಕಾರಣ ಏನೂ ಇಲ್ಲ. ನೋಡಿದ ದಿನವೇ ದುಡ್ಡು ಕಟ್ಟಲ್ಲ, ಅಷ್ಟೆ.’ ಕಾರಣ ಕೊಟ್ಟರೆ ತಾನೇ ಅದಕ್ಕೆ ಮದ್ದು? ಮಾರನೇ ದಿನ ವಾಟ್ಸಾಪ್ ಬಂತು. ಸಿಸ್ಟಮ್‌ನಲ್ಲಿ ರೇಟ್ ನಿಜಕ್ಕೂ ಬದಲಾಗಿತ್ತು, 18,999ಕ್ಕೆ ಇಳಿದಿತ್ತು. ‘ಸ್ಪೆಷಲ್ ಅಪ್ರೂವಲ್’ ಅಂತೆ.

ಇನ್ನೊಂದು ವಿಷಯ. ಶೀಟ್‌ನ ಕೆಳಗೆ ಸಣ್ಣಕ್ಷರದಲ್ಲಿ ಜಿಎಸ್‌ಟಿ ಶೇ 18 ಬೇರೆ ಅಂತ ಇತ್ತು. 2025ರ ಸೆಪ್ಟೆಂಬರ್ 22ರಿಂದ ಜಿಮ್‌ಗೆ ಜಿಎಸ್‌ಟಿ ಶೇ 5. ಹೇಳಿದ ಮೇಲೆ ‘ಹಳೇ ಶೀಟ್ ಮೇಡಂ’ ಅಂದರು. 21,999ಕ್ಕೆ ಈ ಎರಡು ದರಗಳ ನಡುವೆ ಸುಮಾರು 2,860 ರೂಪಾಯಿ ವ್ಯತ್ಯಾಸ. ಕೇಳದೇ ಇದ್ದವರ ಬಿಲ್‌ನಲ್ಲಿ ಏನಾಗುತ್ತಿತ್ತೋ.

ಇಷ್ಟೊಂದು ಒತ್ತಡ ಯಾಕೆ? ಬಾಡಿಗೆ, ಎಸಿ, ಮೆಷಿನ್ ಖರ್ಚು ಹತ್ತು ಜನ ಬಂದರೂ ಅಷ್ಟೇ, ನೂರು ಜನ ಬಂದರೂ ಹೆಚ್ಚುಕಮ್ಮಿ ಅಷ್ಟೇ. ವರ್ಷದ ದುಡ್ಡು ಮೊದಲೇ ಕಟ್ಟಿ ಆಮೇಲೆ ಬಾರದೇ ಇರುವವರು ಅವರಿಗೆ ಒಳ್ಳೆಯ ಗಿರಾಕಿ. ಅಮೆರಿಕದ ಮೂರು ಜಿಮ್‌ಗಳ ಲೆಕ್ಕ ತೆಗೆದು ಇಬ್ಬರು ಅರ್ಥಶಾಸ್ತ್ರಜ್ಞರು 2006ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದರು. ತಿಂಗಳಿಗೆ 70 ಡಾಲರಿಗಿಂತ ಜಾಸ್ತಿ ಕಟ್ಟುತ್ತಿದ್ದವರು ತಿಂಗಳಿಗೆ ಸರಾಸರಿ 4.3 ಸಲ ಹೋಗುತ್ತಿದ್ದರು. ಅಂದರೆ ಒಂದು ಸಲಕ್ಕೆ 17 ಡಾಲರಿನ ಮೇಲೆ. ಅದೇ ಜಿಮ್‌ನಲ್ಲಿ ಹತ್ತು ಸಲದ ಪಾಸ್ ತಗೊಂಡಿದ್ದರೆ ಸಲಕ್ಕೆ 10 ಡಾಲರ್ ಸಾಕಿತ್ತು. ಸೇರುವ ದಿನ ಎಲ್ಲರೂ ‘ದಿನಾ ಬರ್ತೀನಿ’ ಅಂತಲೇ ಅಂದುಕೊಳ್ಳುತ್ತಾರೆ. ಮಾರಾಟ ನಡೆಯುವುದು ಆ ನಂಬಿಕೆಯ ಮೇಲೆ.

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ತಿಂಗಳ ಕೊನೆ, ಟಾರ್ಗೆಟ್ ತಲೆ ಮೇಲೆ. ಮ್ಯಾನೇಜರ್ ಎದ್ದು ಹೋದ ಮೇಲೆ ಅವನೇ ಮೆಲ್ಲಗೆ ಹೇಳಿದ, ‘ಮೂರು ತಿಂಗಳಿಂದೂ ಇದೆ ಮೇಡಂ, ಶೀಟ್‌ನಲ್ಲಿ ಹಾಕಿರಲ್ಲ, ಕೇಳಿದವರಿಗೆ ಕೊಡ್ತಾರೆ.’

ಇನ್ನೂ ತೆರೆಯದ ಜಿಮ್

ಪಾರ್ಕಿನ ಗೇಟಿನಲ್ಲಿ ಬೆಳಿಗ್ಗೆ ಛತ್ರಿ ಹಾಕಿಕೊಂಡು, ಟೇಬಲ್ ಮೇಲೆ ಬಿಪಿ ಮೆಷಿನ್ ಇಟ್ಟುಕೊಂಡು ಕೂತಿರುತ್ತಾರಲ್ಲ, ಅವರು. ‘ಫೌಂಡರ್ ಮೆಂಬರ್’ ದರ, ಮೊದಲ ನೂರು ಜನಕ್ಕೆ ಮಾತ್ರ. ಇಲ್ಲಿ ‘ನಾಳೆ’ ಅಂದರೆ ಸ್ಲಾಟ್ ಮುಗಿದಿರುತ್ತೆ ಅನ್ನುತ್ತಾರೆ. ಮುಗಿಯಲಿ. ಕಟ್ಟಡಕ್ಕೆ ಇನ್ನೂ ಲಿಫ್ಟ್ ಬಂದಿಲ್ಲ, ಮೆಷಿನ್ ಬಂದಿಲ್ಲ, ತೆರೆಯುವ ತಾರೀಕು ಬರೆದುಕೊಡಿ ಅಂದರೆ ‘ನೆಕ್ಸ್ಟ್ ಮಂತ್’ ಅನ್ನುತ್ತಾರೆ. ಎಷ್ಟೇ ಅಗ್ಗ ಇದ್ದರೂ ಇದು ಬೇಡ. ಹೋಲಿಕೆಯಲ್ಲಿ ಇದಕ್ಕೆ ಜಾಗ ಕೊಟ್ಟದ್ದೇ ಹೆಚ್ಚು.

ಅದೇ ಪಾರ್ಕಿನ ಒಳಗೆ ಓಪನ್ ಜಿಮ್ ಇದೆ. ಪುಕ್ಕಟೆ. ಅಲ್ಲಿ ಯಾರೂ ಏನೂ ಮಾರುವುದಿಲ್ಲ. ಭಾರ ಹೆಚ್ಚಿಸೋಕೆ ಬರುವುದಿಲ್ಲ ಅನ್ನುವುದೊಂದೇ ಕೊರತೆ, ನನ್ನ ಬೆನ್ನಿಗೆ ಅದು ಸಾಕಾಗಲಿಲ್ಲ.

ಆ್ಯಪ್ ಪಾಸ್

ಒಂದೇ ಪಾಸಿನಲ್ಲಿ ಬೇರೆ ಬೇರೆ ಜಿಮ್‌ಗೆ ಹೋಗುವ ವ್ಯವಸ್ಥೆ. ಎದುರಿಗೆ ಮನುಷ್ಯರಿಲ್ಲ, ಒತ್ತಡ ಇರಲ್ಲ ಅಂತ ಯಾರಾದರೂ ಅಂದುಕೊಳ್ಳಬಹುದು. ನನಗೆ ಎಲ್ಲಕ್ಕಿಂತ ಚಾಲಾಕಿ ಅನ್ನಿಸಿದ್ದು ಇದೇ. ಮೇಲೆ ಒಂದು ಗಡಿಯಾರ ಓಡುತ್ತಿರುತ್ತದೆ, ಆಫರ್ ಮುಗಿಯೋಕೆ ಇಷ್ಟು ಗಂಟೆ ಇಷ್ಟು ನಿಮಿಷ. ಮುಗಿಯೋಕೆ ಬಿಟ್ಟು ಮತ್ತೆ ತೆರೆದೆ. ಗಡಿಯಾರ ಮೊದಲಿನಿಂದ ಶುರು, ದರ ಅದೇ. ಹಿಂದೆ ಹೋಗಲು ಒತ್ತಿದರೆ ಎರಡು ಬಟನ್: ‘ಹೌದು, ಫಿಟ್ ಆಗಬೇಕು’ ಮತ್ತು ಕೆಳಗೆ ಮಸುಕು ಅಕ್ಷರದಲ್ಲಿ ‘ಬೇಡ, ನಾನು ಹೀಗೇ ಇರ್ತೀನಿ’. ಪೇಮೆಂಟ್ ಪುಟದಲ್ಲಿ ಡಯಟ್ ಪ್ಲಾನ್‌ಗೆ ಮೊದಲೇ ಟಿಕ್ ಬಿದ್ದಿತ್ತು.

ಇವಕ್ಕೆಲ್ಲ ಸರ್ಕಾರಿ ಹೆಸರೇ ಇದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ‘ಡಾರ್ಕ್ ಪ್ಯಾಟರ್ನ್’, ಅಂದರೆ ಗ್ರಾಹಕರನ್ನು ಯಾಮಾರಿಸುವ ಆನ್‌ಲೈನ್ ತಂತ್ರ, ತಡೆಯುವ ಮಾರ್ಗಸೂಚಿ ಹೊರಡಿಸಿ 13 ಬಗೆಗಳನ್ನು ಪಟ್ಟಿ ಮಾಡಿತು. ಸುಳ್ಳು ಗಡಿಬಿಡಿ, ಬೇಡ ಅಂದವರಿಗೆ ನಾಚಿಕೆ ಆಗುವಂತೆ ಮಾಡುವುದು, ಕೇಳದೆ ಬುಟ್ಟಿಗೆ ಏನೋ ಸೇರಿಸುವುದು, ಮೂರೂ ಅದರಲ್ಲಿವೆ. ನನಗೆ ಒಂದೇ ಆ್ಯಪ್‌ನಲ್ಲಿ ಮೂರೂ ಸಿಕ್ಕವು!

ಆದರೂ ನ್ಯಾಯವಾಗಿ ಹೇಳಬೇಕು. ಇಲ್ಲಿ ಪೂರ್ತಿ ದರ ಕಣ್ಣಿಗೆ ಕಾಣುತ್ತದೆ, ತೂಕ ಕೇಳುವವರಿಲ್ಲ, ಆ್ಯಪ್ ಮುಚ್ಚಿದರೆ ಯಾರೂ ಬಾಗಿಲಿಗೆ ಅಡ್ಡ ನಿಲ್ಲುವುದಿಲ್ಲ. ಒಂದು ತಿಂಗಳಿಗೆ ತಗೊಂಡೆ. ಒಳ್ಳೆಯ ಜಿಮ್‌ಗಳಿಗೆ ತಿಂಗಳಿಗೆ ಇಂತಿಷ್ಟೇ ಸಲ ಅನ್ನುವ ಮಿತಿ ಇದೆ ಅಂತ ಆಮೇಲೆ ಕಂಡಿತು. ಪಾಸ್ ತೋರಿಸಿ ಒಳಗೆ ಹೋದರೆ ಅಲ್ಲಿನವರು ‘ಆ್ಯಪ್ ಯಾಕೆ ಮೇಡಂ, ನಮ್ಮಲ್ಲೇ ಡೈರೆಕ್ಟ್ ತಗೊಳ್ಳಿ’ ಅಂತ ಬೇರೆ ಶುರು ಮಾಡುತ್ತಾರೆ. ಪಾಸ್ ತಾನಾಗಿ ಮುಂದುವರಿಯುವ ಹಾಗೆ ಯುಪಿಐ ಆಟೋಪೇ ಹಾಕಿರುತ್ತಾರೆ. ಅದನ್ನು ಆ್ಯಪ್‌ನಲ್ಲಿ ಹುಡುಕಿ ಸುಸ್ತಾಗಬೇಡಿ. ನಿಮ್ಮ ಯುಪಿಐ ಆ್ಯಪ್‌ನ ಆಟೋಪೇ ಪಟ್ಟಿಯಲ್ಲೇ ರದ್ದು ಮಾಡಬಹುದು.

ಬೇಕರಿ ಮೇಲಿನ ಜಿಮ್

ಎರಡನೇ ಮಹಡಿ, ಲಿಫ್ಟ್ ಇಲ್ಲ. ಮೆಟ್ಟಿಲ ಹತ್ತಿರ ಪಫ್ಸ್ ವಾಸನೆ, ಒಳಗೆ ಆಂಜನೇಯನ ಫೋಟೊಗೆ ಊದುಬತ್ತಿ. ದರ ಗೋಡೆಯ ಫ್ಲೆಕ್ಸ್ ಮೇಲೆ ದೊಡ್ಡದಾಗಿದೆ: ತಿಂಗಳಿಗೆ 1,500, ಮೂರು ತಿಂಗಳಿಗೆ 4,000. ಬೆಳಿಗ್ಗೆ ಹತ್ತರಿಂದ ಹನ್ನೆರಡು ಲೇಡೀಸ್ ಬ್ಯಾಚ್. ‘ನಾಳೆ ಹೇಳ್ತೀನಿ’ ಅಂದೆ. ‘ಹೂಂ ಅಕ್ಕ, ಬನ್ನಿ. ಹನ್ನೆರಡರ ಒಳಗೆ ಬನ್ನಿ, ಆಮೇಲೆ ನಾನು ಊಟಕ್ಕೆ ಹೋಗಿರ್ತೀನಿ.’ ಮುಗೀತು. ಫೋನ್ ನಂಬರ್ ಸಹ ಕೇಳಲಿಲ್ಲ.

ಹಾಗಂತ ಇಲ್ಲಿ ಒತ್ತಡವೇ ಇಲ್ಲ ಅಂತಲ್ಲ. ಅದು ಸೇರಿದ ಮೇಲೆ ಬರುತ್ತದೆ, ಅದೂ ಪ್ರೀತಿಯಿಂದ. ಎರಡು ದಿನ ಹೋಗದಿದ್ದರೆ ‘ಏನಕ್ಕ, ಕಾಣ್ತಾನೇ ಇಲ್ಲ’ ಅಂತ ಫೋನು. ಅದು ಬೇಕಾದದ್ದೇ ಅನ್ನಿ. ಆದರೆ ಎರಡನೇ ವಾರಕ್ಕೇ ಪ್ರೋಟೀನ್ ಡಬ್ಬ ಬಂತು. ‘ಇದಿಲ್ದೆ ರಿಸಲ್ಟ್ ಬರಲ್ಲ ಅಕ್ಕ, ನಿಮಗೆ ಅಂತ ತರಿಸಿದ್ದು.’ ಚೈನ್ ಜಿಮ್‌ನಲ್ಲಿ ಬೇಡ ಅನ್ನುವುದು ಸುಲಭ, ಅಲ್ಲಿ ಅಪರಿಚಿತರು. ದಿನಾ ಮುಖ ನೋಡುವವರಿಗೆ, ಅಕ್ಕ ಅನ್ನುವವರಿಗೆ ಬೇಡ ಅನ್ನುವುದು ಕಷ್ಟ. ಡಬ್ಬ ತಿರುಗಿಸಿ ನೋಡಿದೆ. ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಂಬರ್ 14 ಅಂಕಿ ಇರಬೇಕು, ಇತ್ತು. ಬಿಲ್ ಮಾತ್ರ ಇಲ್ಲ. ‘ಡಾಕ್ಟರ್ ಹತ್ರ ಕೇಳದೆ ಏನೂ ತಗೊಳ್ಳಲ್ಲಪ್ಪ’ ಅಂದೆ. ಇಲ್ಲಿ ಕಾರಣ ಹೇಳಲೇಬೇಕು, ಇಲ್ಲದಿದ್ದರೆ ಬೇಜಾರಾಗುತ್ತಾರೆ. ಡಾಕ್ಟರ್ ಹೆಸರಿಗೆ ಎದುರು ಮಾತು ಬರಲಿಲ್ಲ.

ಇನ್ನೊಂದು ಕೊರತೆ, ರಸೀದಿ ಕೊಡುವುದಿಲ್ಲ. ಕ್ಯೂಆರ್ ಕೋಡ್‌ನಲ್ಲಿ ಬರುವ ಹೆಸರೂ ಬೇರೆ ಯಾರದೋ. ಹಾಗಾಗಿ ದುಡ್ಡು ಕಳಿಸುವಾಗ ಯುಪಿಐ ನೋಟ್‌ನಲ್ಲಿ ಜಿಮ್ ಫೀಸ್, ಯಾವ ತಿಂಗಳದ್ದು ಅಂತ ಬರೆಯುತ್ತೇನೆ. ಮೆಷಿನ್‌ಗಳೂ ಹಳೆಯವು. ಒಂದರ ಕೇಬಲ್ ನಾನು ಸೇರಿದಾಗಿನಿಂದ ಕಿತ್ತುಹೋಗಿದೆ, ‘ಸೋಮವಾರ ಮೆಕ್ಯಾನಿಕ್ ಬರ್ತಾನೆ ಅಕ್ಕ’.

ಯಾವುದು ಯಾರಿಗೆ

ಬರೀ ದುಡ್ಡಿನ ಲೆಕ್ಕ ಹಾಕಿದರೆ ವ್ಯತ್ಯಾಸ ದೊಡ್ಡದೇನಲ್ಲ. ಚೈನ್ ಜಿಮ್‌ನ 18,999ಕ್ಕೆ ಶೇ 5 ಸೇರಿಸಿ ವರ್ಷಕ್ಕೆ ಸುಮಾರು 19,950. ಬೇಕರಿ ಮೇಲಿನದು ತಿಂಗಳು ತಿಂಗಳು ಕಟ್ಟಿದರೆ 18,000. ಆದರೆ ನಾಲ್ಕು ತಿಂಗಳಿಗೆ ಬಿಟ್ಟರೆ? ಇಲ್ಲಿ ಹೋಗುವುದು 6,000, ಅಲ್ಲಿ ಅದೇ 19,950. ಈಗಾಗಲೇ ವರ್ಷಗಟ್ಟಲೆ ತಪ್ಪದೆ ವ್ಯಾಯಾಮ ಮಾಡುತ್ತಿರುವವರಿಗೆ ಚೈನ್ ಜಿಮ್ ಒಳ್ಳೆಯದು, ಮೆಷಿನ್ ಚೆನ್ನಾಗಿವೆ, ಸ್ನಾನದ ಮನೆ ಚೊಕ್ಕ. ಊರೂರು ಸುತ್ತುವ ಕೆಲಸದವರಿಗೆ ಆ್ಯಪ್. ಹೊಸದಾಗಿ ಶುರು ಮಾಡುವವರಿಗೆ ತಿಂಗಳ ಲೆಕ್ಕದ ಜಿಮ್ ಬಿಟ್ಟು ಬೇರೆ ಹೇಳಲಾರೆ. ನಾನೂ ಅಲ್ಲೇ ಇದ್ದೇನೆ.

ವರ್ಷದ ದುಡ್ಡು ಕಟ್ಟುವವರು ಒಂದು ವಿಷಯ ತಿಳಿದಿರಬೇಕು. ಮನಸ್ಸು ಬದಲಾಯಿತು ಅಂತ ಜಿಮ್ ದುಡ್ಡು ವಾಪಸ್ ಕೇಳಲು ನಮ್ಮ ಕಾನೂನಿನಲ್ಲಿ ನೇರ ದಾರಿ ಇಲ್ಲ. ಹೇಳಿದ ಸೌಲಭ್ಯ ಕೊಡದಿದ್ದರೆ, ಮುಚ್ಚಿ ಹೋದರೆ, ಸುಳ್ಳು ಹೇಳಿ ಮಾರಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಆಗಲಿಲ್ಲ ಅಂದರೆ ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ. ಅಲ್ಲಿ ಬಾಯಿಮಾತು ನಡೆಯುವುದು ಕಷ್ಟ. ರೇಟ್ ಶೀಟ್ ಕೈಗೆ ಕೊಡಲ್ಲ, ಫೋಟೊ ತೆಗೆಯೋಕೂ ಬಿಡಲ್ಲ ಅಂದರೆ ‘ಇದನ್ನೇ ವಾಟ್ಸಾಪ್ ಮಾಡಿ’ ಅನ್ನಿ. ದರ, ಜಿಎಸ್‌ಟಿ, ಎಷ್ಟು ದಿನ ಫ್ರೀಜ್ ಮಾಡಬಹುದು (ಸದಸ್ಯತ್ವ ನಡುವೆ ನಿಲ್ಲಿಸಿಡುವುದು), ಬೇರೆಯವರ ಹೆಸರಿಗೆ ವರ್ಗ ಮಾಡಲು ಎಷ್ಟು, ಎಲ್ಲ ಆ ಮೆಸೇಜಿನಲ್ಲಿ ಬರಲಿ. ಕಳಿಸಲ್ಲ ಅಂದವರ ಹತ್ತಿರ ಆಮೇಲೆ ಜಗಳ ಆಡುವುದಕ್ಕಿಂತ ಅವತ್ತೇ ಮೆಟ್ಟಿಲಿಳಿದು ಬರುವುದು ಅಗ್ಗ.